ಕೈಯಲ್ಲೇ ಕಟ್ಟಿದ ಪ್ಯಾಕೆಟ್‌ಗಳಿಂದ ಟನಲ್ ತೊಂದರೆ ಹಿಡಿದದ್ದು: ನನ್ನ ಅನುಭವ

ದೂರದ ಒಂದು ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತದೆ, ಸಣ್ಣಪುಟ್ಟ ಕಮಾಂಡ್‌ಗಳೆಲ್ಲ ಓಡುತ್ತವೆ, ಆದರೆ ಅದೇ ಸರ್ವರ್‌ಗೆ ಎಸ್‌ಸಿಪಿಯಲ್ಲಿ ಒಂದು ಫೈಲ್ ಕಳಿಸಲು ಹೋದರೆ ಸ್ವಲ್ಪ ಹೋದ ಹಾಗೆ ಮಾಡಿ ‘ಸ್ಟಾಲ್ಡ್’ ಅಂತ ತೋರಿಸಿ ನಿಂತುಬಿಡುತ್ತದೆ. ಪಿಂಗ್ ಹಾಕಿದರೆ ಒಂದೂ ಡ್ರಾಪ್ ಇಲ್ಲ. ಎರಡು ಜಾಗಗಳ ನಡುವೆ ವೈರ್‌ಗಾರ್ಡ್ ಅನ್ನುವ ವಿಪಿಎನ್‌ನ ಟನಲ್ ಹಾಕಿದವರು ಇಷ್ಟು ಕೇಳಿದ ಕೂಡಲೇ ಎಂಟಿಯು, ಅಂದರೆ ಆ ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಸೈಜ್, ಅಂತಾರೆ. ನಾನೂ ಹಾಗೇ ಅಂದೆ. ಆದರೆ ದಾರಿಯ ನಡುವಿನ ಫೈರ್‌ವಾಲ್ ಬೇರೆ ತಂಡದ ಕೈಯಲ್ಲಿತ್ತು. ‘ನಮ್ಮ ಕಡೆ ಎಲ್ಲ ಸರಿಯಾಗಿದೆ, ಐಸಿಎಂಪಿ ಬಿಟ್ಟಿದ್ದೇವೆ’ ಅಂತ ಅವರು ಹೇಳಿದ್ದರು. ಪಿಂಗ್ ಮತ್ತು ದಾರಿಯಲ್ಲಿನ ಎರರ್ ಸಂದೇಶಗಳು ಹೋಗುವುದು ಈ ಐಸಿಎಂಪಿಯಲ್ಲೇ. ಯಾವ ಪ್ಯಾಕೆಟ್ ಯಾವ ಜಾಗದಲ್ಲಿ ಸಾಯುತ್ತಿದೆ ಅಂತ ಬೆರಳಿಟ್ಟು ತೋರಿಸದೆ ಮಾತು ಮುಂದೆ ಹೋಗುವಂತಿರಲಿಲ್ಲ. ಅದಕ್ಕೇ ಪ್ಯಾಕೆಟ್‌ಗಳನ್ನು ಕೈಯಲ್ಲೇ ಕಟ್ಟಿ ಕಳಿಸಿದೆ.

ಟೂಲ್‌ಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ ಬರೆದ ಎಚ್‌ಪಿಂಗ್ ಇದೆ, ಮುಂದೆ ರೆಡಿಸ್ ಡೇಟಾಬೇಸ್ ಬರೆದವರೂ ಇವರೇ. ಎನ್‌ಮ್ಯಾಪ್ ಜೊತೆ ಬರುವ ಎನ್‌ಪಿಂಗ್ ಇದೆ. ಒಂದು ಸಿನ್ (ಟಿಸಿಪಿ ಕನೆಕ್ಷನ್ ಶುರುಮಾಡುವ ಮೊದಲ ಪ್ಯಾಕೆಟ್) ಕಳಿಸಿ ಆ ಪೋರ್ಟ್ ಉತ್ತರ ಕೊಡುತ್ತಾ ಅಂತ ನೋಡುವಷ್ಟಕ್ಕೆ ಇವು ಸಾಕು, ಒಂದೇ ಸಾಲಿನ ಕೆಲಸ. ಆದರೆ ಒಂದು ಪ್ಯಾಕೆಟ್ ಒಳಗೆ ಇನ್ನೊಂದು ಪ್ಯಾಕೆಟ್‌ನ ಹೆಡರ್ ಕೂರಿಸಬೇಕು ಅಂದಾಗ ನನಗೆ ಸ್ಕೇಪಿಯೇ ಬೇಕು. ಇದು ಫಿಲಿಪ್ ಬಿಯೊಂಡಿ ಪೈಥಾನ್‌ನಲ್ಲಿ ಬರೆದದ್ದು. ಐಪಿ, ಸ್ಲ್ಯಾಶ್, ಐಸಿಎಂಪಿ, ಸ್ಲ್ಯಾಶ್, ಡೇಟಾ ಅಂತ ಬರೆದರೆ ಒಂದರ ಮೇಲೊಂದು ಲೇಯರ್ ಕೂರುತ್ತದೆ. ನಮಗೆ ಬೇಕಾದ ಫೀಲ್ಡ್ ಮಾತ್ರ ನಾವು ತುಂಬಿದರೆ ಸಾಕು. ಚೆಕ್‌ಸಮ್, ಉದ್ದ, ಸೋರ್ಸ್ ಅಡ್ರೆಸ್ ಎಲ್ಲ ಅದೇ ನೋಡಿಕೊಳ್ಳುತ್ತದೆ. ಹಳೆಯ ಕ್ಯಾಪ್ಚರ್‌ನಿಂದ (ಹಿಡಿದಿಟ್ಟ ಪ್ಯಾಕೆಟ್‌ಗಳ ಫೈಲ್) ಪ್ಯಾಕೆಟ್ ಎತ್ತಿಕೊಂಡು ತಿದ್ದುತ್ತಿದ್ದರೆ ಮಾತ್ರ ಚೆಕ್‌ಸಮ್ ಮತ್ತು ಉದ್ದದ ಫೀಲ್ಡ್‌ಗಳನ್ನು ಡಿಲೀಟ್ ಮಾಡಬೇಕು, ಆಗಲೇ ಅದು ಹೊಸದಾಗಿ ಲೆಕ್ಕ ಹಾಕುವುದು. ಕಳಿಸುವ ಮುಂಚೆ ಶೋ2 ಅಂತ ಕೊಟ್ಟರೆ ವೈರ್ ಮೇಲೆ ಹೋಗುವ ರೂಪ ಹೇಗಿರುತ್ತೋ ಹಾಗೇ ತೋರಿಸುತ್ತದೆ. ರೂಟ್ ಆಗಿರಬೇಕು, ಇಲ್ಲವೇ ರಾ ಸಾಕೆಟ್ ತೆರೆಯುವ ಕೇಪಬಿಲಿಟಿ ಇರಬೇಕು.

ಇಲ್ಲೇ ಒಂದು ಮಾತು. ಇದನ್ನೆಲ್ಲ ನಿಮ್ಮದೇ ನೆಟ್‌ವರ್ಕ್‌ನಲ್ಲಿ, ಇಲ್ಲವೇ ಬರಹದಲ್ಲಿ ಒಪ್ಪಿಗೆ ಸಿಕ್ಕ ನೆಟ್‌ವರ್ಕ್‌ನಲ್ಲಿ ಮಾತ್ರ ಮಾಡಿ. ನಾನು ಎರಡೂ ಕಡೆಯವರಿಗೆ ಮೊದಲೇ ಹೇಳಿದ್ದೆ, ಯಾವ ಮೆಷಿನ್‌ನಿಂದ ಏನು ಹೋಗುತ್ತದೆ ಅಂತ ಬರೆದು ಕೊಟ್ಟಿದ್ದೆ. ಸೋರ್ಸ್ ಅಡ್ರೆಸ್ ಸುಳ್ಳು ಹಾಕುವ ಅಗತ್ಯ ಒಮ್ಮೆಯೂ ಬರಲಿಲ್ಲ. ಸುಮ್ನೆ ಕಲಿಯಬೇಕು ಅಂದರೆ ಲಿನಕ್ಸ್‌ನಲ್ಲಿ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್ ಮಾಡಿ, ನಡುವೆ ಒಂದು ವೆತ್ (ವರ್ಚುವಲ್ ಎತರ್ನೆಟ್) ಜೋಡಿ ಹಾಕಿದರೆ ಒಂದೇ ಮೆಷಿನ್ ಒಳಗೆ ಪೂರ್ತಿ ಲ್ಯಾಬ್ ಸಿಗುತ್ತದೆ.

ಈಗ ನಮ್ಮ ದಾರಿ. ನನ್ನ ಮೆಷಿನ್‌ನಿಂದ ಮೊದಲು ಗೇಟ್‌ವೇ, ಎರಡನೆಯದು ಆ ಫೈರ್‌ವಾಲ್, ಮೂರನೆಯದು ಟನಲ್ ಶುರುವಾಗುವ ಲಿನಕ್ಸ್ ರೌಟರ್, ನಾಲ್ಕನೆಯದು ಟನಲ್‌ನ ಆ ತುದಿ, ಆಮೇಲೆ ಸರ್ವರ್. ಮೊದಲು ಸಾಮಾನ್ಯ ಪಿಂಗನ್ನೇ ‘ಒಡೆಯಬೇಡ’ ಅನ್ನುವ ಡಿಎಫ್ ಫ್ಲ್ಯಾಗ್ ಹಾಕಿ, ಸೈಜ್ 1472 ಕೊಟ್ಟು ಕಳಿಸಿದೆ. ಇದಕ್ಕೆ 8 ಬೈಟ್ ಐಸಿಎಂಪಿ ಹೆಡರ್, 20 ಬೈಟ್ ಐಪಿ ಹೆಡರ್ ಸೇರಿದರೆ ಸರಿಯಾಗಿ 1500. ಉತ್ತರವಿಲ್ಲ. ಸೈಜ್ ಇಳಿಸುತ್ತಾ ಬಂದೆ. 1393 ಹೋಗುವುದಿಲ್ಲ, 1392 ಹೋಗುತ್ತದೆ. 1392ಕ್ಕೆ ಅದೇ 28 ಸೇರಿಸಿದರೆ 1420, ಅದು ವೈರ್‌ಗಾರ್ಡ್‌ನ ಮಾಮೂಲಿ ಎಂಟಿಯು. ಇಲ್ಲಿಯವರೆಗೆ ತಪ್ಪೇನೂ ಇಲ್ಲ, ಟನಲ್ ಅಂದಮೇಲೆ ಎಂಟಿಯು ಕಮ್ಮಿಯೇ ಇರುತ್ತದೆ. ತಪ್ಪಿರುವುದು ‘ಉತ್ತರವಿಲ್ಲ’ ಅನ್ನುವುದರಲ್ಲಿ. ಇಂಟರ್ನೆಟ್‌ನ ನಿಯಮ ಬರೆದಿಡುವ ದಾಖಲೆಗಳಲ್ಲಿ ಒಂದಾದ 1990ರ ಆರ್‌ಎಫ್‌ಸಿ 1191ರ ಪ್ರಕಾರ ಪ್ಯಾಕೆಟ್ ಹಿಡಿಸದ ರೌಟರ್ ಐಸಿಎಂಪಿ ಟೈಪ್ 3, ಕೋಡ್ 4 ವಾಪಸ್ ಕಳಿಸಬೇಕು, ಅದರಲ್ಲಿ ಮುಂದಿನ ದಾರಿಯ ಎಂಟಿಯು ಎಷ್ಟು ಅಂತ ಬರೆದಿರಬೇಕು. ಅದು ಬಂದರೆ ಕಳಿಸುವ ಕರ್ನಲ್ ತಾನೇ ಸಣ್ಣ ಪ್ಯಾಕೆಟ್ ಮಾಡಿಕೊಳ್ಳುತ್ತದೆ. ನಮಗೆ ಅದೇ ಬರುತ್ತಿರಲಿಲ್ಲ.

ಎಲ್ಲಿ ಕಳೆದುಹೋಗುತ್ತಿದೆ? ಸ್ಕೇಪಿಯಲ್ಲಿ ಒಂದು ಚಿಕ್ಕ ಲೂಪ್ ಬರೆದೆ. ಪಿಂಗ್ ಕಳಿಸುವ ಅದೇ ಎಕೋ ರಿಕ್ವೆಸ್ಟ್, ಟಿಟಿಎಲ್ ಮಾತ್ರ 1, 2, 3 ಅಂತ ಏರುತ್ತಾ ಹೋಗುತ್ತದೆ. ಟಿಟಿಎಲ್ ಅಂದರೆ ಪ್ಯಾಕೆಟ್‌ನಲ್ಲಿರುವ ಒಂದು ಎಣಿಕೆ: ಪ್ರತಿ ರೌಟರ್ ಅದನ್ನು ಒಂದು ಇಳಿಸುತ್ತದೆ, ಅದು ಮುಗಿದ ಜಾಗದ ರೌಟರ್ ಪ್ಯಾಕೆಟ್ ಬಿಸಾಡಿ ಎರರ್ ಕಳಿಸುತ್ತದೆ. ಒಂದು ಸುತ್ತು 100 ಬೈಟ್‌ನ ಪ್ಯಾಕೆಟ್, ಇನ್ನೊಂದು ಸುತ್ತು ಡಿಎಫ್ ಹಾಕಿದ 1500 ಬೈಟ್‌ನದು. ಎರಡು ಸುತ್ತಿನ ನಡುವೆ ಸೈಜ್ ಬಿಟ್ಟು ಬೇರೇನೂ ಬದಲಾಗಬಾರದು, ಬದಲಾದರೆ ಉತ್ತರ ಓದುವುದಕ್ಕೇ ಆಗುವುದಿಲ್ಲ. ಪ್ರತಿ ಪ್ಯಾಕೆಟ್‌ನ ಐಪಿ ಐಡಿ ಫೀಲ್ಡ್‌ನಲ್ಲಿ 4001, 4002 ಅಂತ ನನ್ನದೇ ನಂಬರ್ ಹಾಕಿದೆ. ಇದು ತುಂಬಾ ಉಪಯೋಗಕ್ಕೆ ಬರುವ ಅಭ್ಯಾಸ: ನಡುವಿನ ಯಾವ ಮೆಷಿನ್‌ನಲ್ಲಿ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಟೂಲ್) ತೆರೆದರೂ ನನ್ನ ಪ್ಯಾಕೆಟ್ ಯಾವುದು ಅಂತ ತಕ್ಷಣ ಸಿಗುತ್ತದೆ, ವಾಪಸ್ ಬರುವ ಐಸಿಎಂಪಿ ಎರರ್‌ನ ಹೊಟ್ಟೆಯಲ್ಲೂ ಅದೇ ನಂಬರ್ ಇರುತ್ತದೆ.

ಇದನ್ನು ಪಿಂಗ್‌ನಲ್ಲೇ ಮಾಡಬಹುದಿತ್ತಲ್ವಾ ಅಂತ ಕೇಳಬಹುದು. ಮಾಡಬಹುದು, ಆದರೆ ಪಿಂಗ್ ಕರ್ನಲ್‌ನ ದಾರಿಯಲ್ಲೇ ಹೋಗುತ್ತದೆ. ಕರ್ನಲ್‌ಗೆ ಆ ದಾರಿಯ ಎಂಟಿಯು ನೆನಪಿದ್ದರೆ ದೊಡ್ಡ ಪ್ಯಾಕೆಟ್ ಮೆಷಿನ್ ಬಿಟ್ಟು ಹೊರಗೇ ಹೋಗುವುದಿಲ್ಲ, ‘ಮೆಸೇಜ್ ಟೂ ಲಾಂಗ್’ ಅಂತ ಇಲ್ಲೇ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಸ್ಕೇಪಿ ಪ್ಯಾಕೆಟ್ ಸಾಕೆಟ್‌ನಿಂದ ನೇರ ಕಾರ್ಡ್‌ಗೆ ಕೊಡುತ್ತದೆ. ಕರ್ನಲ್‌ನ ನೆನಪು, ಲೋಕಲ್ ಫೈರ್‌ವಾಲ್ ರೂಲ್, ಯಾವುದೂ ಅಡ್ಡ ಬರುವುದಿಲ್ಲ. ಇದೇ ಕಾರಣಕ್ಕೆ ಇನ್ನೊಂದು ವಿಷಯವೂ ಗೊತ್ತಿರಬೇಕು. ಸ್ಕೇಪಿಯಲ್ಲಿ ಸಿನ್ ಕಳಿಸಿದರೆ ಆ ಕನೆಕ್ಷನ್ ಕರ್ನಲ್‌ಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಆ ಕಡೆಯ ಉತ್ತರವಾದ ಸಿನ್-ಆ್ಯಕ್ ಬಂದ ಕೂಡಲೇ ಕರ್ನಲ್ ರಿಸೆಟ್ (ಕನೆಕ್ಷನ್ ಮುರಿಯುವ ಪ್ಯಾಕೆಟ್) ಕಳಿಸಿಬಿಡುತ್ತದೆ. ಟಿಸಿಪಿ ಮಾತುಕತೆ ಮುಂದುವರಿಸಬೇಕಾದರೆ ಹೊರಗೆ ಹೋಗುವ ಆ ರಿಸೆಟ್ ತಡೆಯಲು ಲಿನಕ್ಸ್‌ನ ಫೈರ್‌ವಾಲ್ ಟೂಲ್ ಐಪಿಟೇಬಲ್ಸ್‌ನಲ್ಲಿ ಒಂದು ರೂಲ್ ಹಾಕಬೇಕಾಗುತ್ತದೆ.

ಲೂಪ್ ಓಡಿಸಿದಾಗ ಬಂದದ್ದು ಇಷ್ಟು. ಚಿಕ್ಕ ಪ್ಯಾಕೆಟ್‌ಗೆ 1ರಿಂದ 4ರವರೆಗೆ ಟೈಪ್ 11, ಅಂದರೆ ಟೈಮ್ ಎಕ್ಸೀಡೆಡ್, 5ಕ್ಕೆ ಸರ್ವರ್‌ನ ಎಕೋ ರಿಪ್ಲೈ. ದೊಡ್ಡದಕ್ಕೆ 1, 2, 3ರಲ್ಲಿ ಟೈಪ್ 11 ಬಂತು. 4ರಿಂದ ಆಚೆ ಏನೂ ಇಲ್ಲ. ಲಿನಕ್ಸ್ ರೌಟರ್ ಫಾರ್ವರ್ಡ್ ಮಾಡುವಾಗ ಮೊದಲು ಟಿಟಿಎಲ್ ನೋಡುತ್ತದೆ, ಆಮೇಲೆ ಎಂಟಿಯು. ಹಾಗಾಗಿ ಟಿಟಿಎಲ್ 3 ಇದ್ದಾಗ ಮೂರನೆಯ ರೌಟರ್ ಉತ್ತರ ಕೊಟ್ಟಿತು, 4 ಇದ್ದಾಗ ಅದೇ ರೌಟರ್‌ನಲ್ಲಿ ಪ್ಯಾಕೆಟ್ ಬಿದ್ದುಹೋಯಿತು. ಆ ರೌಟರ್ ನಮ್ಮ ಕೈಯಲ್ಲೇ ಇತ್ತು. ಅಲ್ಲಿ ಟಿಸಿಪಿಡಂಪ್ ಹಾಕಿ ಮತ್ತೆ ಕಳಿಸಿದರೆ ‘ನೀಡ್ ಟು ಫ್ರಾಗ್, ಎಂಟಿಯು 1420’ ಅನ್ನುವ ಸಾಲು ಸ್ಪಷ್ಟವಾಗಿ ಕಂಡಿತು. ಅದು ಕಳಿಸುತ್ತಿದೆ, ನನಗೆ ಸೇರುತ್ತಿಲ್ಲ. ಅದೇ ರೌಟರ್‌ನಿಂದ, ಅದೇ ದಾರಿಯಲ್ಲಿ ಟೈಪ್ 11 ಬರುತ್ತದೆ, ಟೈಪ್ 3 ಬರುವುದಿಲ್ಲ. ಉಳಿದದ್ದು ನಡುವಿನ ಫೈರ್‌ವಾಲ್ ಒಂದೇ, ಯಾಕೆಂದರೆ ಗೇಟ್‌ವೇಯಲ್ಲಿ ಫಿಲ್ಟರೇ ಇರಲಿಲ್ಲ.

ಅವರಿಗೆ ತೋರಿಸಲು ಇನ್ನೊಂದು ಪ್ರಯೋಗ ಮಾಡಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಟೈಪ್ 3 ಪ್ಯಾಕೆಟನ್ನು ನಾನೇ ಕಟ್ಟಿದೆ. ವಿಳಾಸದಾರರು ಸಿಗದೆ ವಾಪಸ್ ಬಂದ ಕಾಗದದ ಮೇಲೆ ಮೂಲ ವಿಳಾಸ ಹಾಗೇ ಇರುವಂತೆ, ಐಸಿಎಂಪಿ ಎರರ್ ಒಳಗೆ ಮೂಲ ಪ್ಯಾಕೆಟ್‌ನ ಐಪಿ ಹೆಡರ್, ಅದರ ಮುಂದಿನ 8 ಬೈಟ್ ಇರಬೇಕು. ಟಿಸಿಪಿಯಾದರೆ ಆ 8 ಬೈಟ್ ಅಂದರೆ ಎರಡು ಪೋರ್ಟ್ ನಂಬರ್ ಮತ್ತು ಸೀಕ್ವೆನ್ಸ್ ನಂಬರ್. ಇಲ್ಲಿ ಬಾಯಿಗೆ ಬಂದ ನಂಬರ್ ಹಾಕಿದರೆ ಪ್ರಯೋಗವೇ ಸುಳ್ಳಾಗುತ್ತದೆ. ಕನೆಕ್ಷನ್ ಲೆಕ್ಕ ಇಡುವ ಫೈರ್‌ವಾಲ್ ಒಳಗಿನ ಹೆಡರ್ ನೋಡಿ, ತನಗೆ ಗೊತ್ತಿರುವ ಕನೆಕ್ಷನ್‌ಗೆ ಸೇರದಿದ್ದರೆ ಬಿಸಾಡುತ್ತದೆ, ಅದು ಸರಿಯೇ. ಕರ್ನಲ್ ಕೂಡ ಇನ್ನೂ ಆ್ಯಕ್ (ತಲುಪಿತು ಅನ್ನುವ ಉತ್ತರ) ಬಾರದ ಸೀಕ್ವೆನ್ಸ್ ಆಗಿದ್ದರೆ ಮಾತ್ರ ನಂಬುತ್ತದೆ. ನನಗೆ ಅದು ಕಷ್ಟವಾಗಲಿಲ್ಲ, ಸಿಕ್ಕಿಹಾಕಿಕೊಂಡ ಎಸ್‌ಸಿಪಿ ಅಲ್ಲೇ ಇತ್ತು, ಅದು ಒಂದೇ ಸೆಗ್ಮೆಂಟನ್ನು (ಟಿಸಿಪಿ ಡೇಟಾದ ತುಂಡು) ಮತ್ತೆ ಮತ್ತೆ ಕಳಿಸುತ್ತಿತ್ತು, ಟಿಸಿಪಿಡಂಪ್‌ನಲ್ಲಿ ಅದರ ಪೋರ್ಟ್ ಮತ್ತು ಸೀಕ್ವೆನ್ಸ್ ಓದಿಕೊಂಡೆ. ಸೀಕ್ವೆನ್ಸ್‌ನ ನಿಜವಾದ ನಂಬರ್ ಬೇಕಾದರೆ ಟಿಸಿಪಿಡಂಪ್‌ಗೆ ಕ್ಯಾಪಿಟಲ್ ಎಸ್ ಆಪ್ಷನ್ ಕೊಡಬೇಕು, ಇಲ್ಲದಿದ್ದರೆ ಸೊನ್ನೆಯಿಂದ ಎಣಿಸಿದ ನಂಬರ್ ತೋರಿಸುತ್ತದೆ.

ಫೈರ್‌ವಾಲ್‌ನ ಆಚೆ ಬದಿಯಲ್ಲಿದ್ದ ನಮ್ಮ ಇನ್ನೊಂದು ಮೆಷಿನ್‌ನಿಂದ ಅದನ್ನು ಕಳಿಸಿದೆ. ಬರಲಿಲ್ಲ. ಅದೇ ಪ್ಯಾಕೆಟ್, ಒಳಗಿನ ಹೆಡರ್ ಹಾಗೇ ಇಟ್ಟು ಟೈಪ್ ಮಾತ್ರ 11, ಕೋಡ್ 0 ಮಾಡಿ ಕಳಿಸಿದೆ. ಬಂತು. ಆಮೇಲೆ ಟೈಪ್ 3ನ್ನೇ ಫೈರ್‌ವಾಲ್‌ನ ಈಚೆ, ನನ್ನ ಮೆಷಿನ್ ಇರುವ ಲ್ಯಾನ್‌ನಿಂದ ಕಳಿಸಿದೆ. ನಿಂತಿದ್ದ ಎಸ್‌ಸಿಪಿ ತಟ್ಟನೆ ಓಡಲು ಶುರುವಾಯಿತು! ಕ್ಯಾಪ್ಚರ್‌ನಲ್ಲಿ ಸೆಗ್ಮೆಂಟ್ ಸೈಜ್ 1448ರಿಂದ 1368ಕ್ಕೆ ಇಳಿದಿತ್ತು. 1420ರಲ್ಲಿ ಎರಡು ಹೆಡರ್‌ಗೆ 40, ಟೈಮ್‌ಸ್ಟ್ಯಾಂಪ್‌ಗೆ 12 ಕಳೆದರೆ ಸರಿಯಾಗಿ ಅಷ್ಟೇ. ಐಪಿ ರೂಟ್ ಗೆಟ್ ಅಂತ ಸರ್ವರ್ ಅಡ್ರೆಸ್ ಕೊಟ್ಟು ನೋಡಿದರೆ ಎಂಟಿಯು 1420 ಅಂತಲೂ, ಎಷ್ಟು ಸೆಕೆಂಡ್‌ಗೆ ಮರೆಯುತ್ತದೆ ಅಂತಲೂ ತೋರಿಸುತ್ತಿತ್ತು. ಲಿನಕ್ಸ್‌ನಲ್ಲಿ ಆ ನೆನಪು ಮಾಮೂಲಿಯಾಗಿ 600 ಸೆಕೆಂಡ್. ಹಾಗಾಗಿ ಮತ್ತೊಮ್ಮೆ ಟೆಸ್ಟ್ ಮಾಡುವ ಮುಂಚೆ ರೂಟ್ ಕ್ಯಾಶ್ ಫ್ಲಶ್ ಮಾಡುವುದನ್ನು ಮರೆಯಬೇಡಿ.

ಕ್ಯಾಪ್ಚರ್ ಬಗ್ಗೆ ಒಂದು ಎಚ್ಚರಿಕೆ. ಕಳಿಸುವ ಮೆಷಿನ್‌ನಲ್ಲೇ ನೋಡಿದರೆ 1500 ಮೀರಿದ ದೈತ್ಯ ಪ್ಯಾಕೆಟ್‌ಗಳು, ತಪ್ಪು ಚೆಕ್‌ಸಮ್‌ಗಳು ಕಾಣಬಹುದು. ಪ್ಯಾಕೆಟ್ ತುಂಡು ಮಾಡಿ ಚೆಕ್‌ಸಮ್ ಹಾಕುವ ಕೆಲಸವನ್ನು ಕರ್ನಲ್ ಕೊನೆಯಲ್ಲಿ ಕಾರ್ಡ್‌ಗೆ ಬಿಟ್ಟಿರುತ್ತದೆ, ಕ್ಯಾಪ್ಚರ್ ಅದಕ್ಕೂ ಮುಂಚೆ ಆಗಿರುತ್ತದೆ. ಟೆಸ್ಟ್ ಮುಗಿಯುವವರೆಗೆ ಎತ್‌ಟೂಲ್‌ನಲ್ಲಿ ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ (ಪ್ಯಾಕೆಟ್ ಒಡೆಯುವುದನ್ನು ಮುಂದಕ್ಕೆ ಹಾಕುವ, ಬಂದದ್ದನ್ನು ಒಟ್ಟುಗೂಡಿಸುವ ಸೌಲಭ್ಯಗಳು) ಆಫ್ ಮಾಡಿದರೆ ಕಣ್ಣಿಗೆ ಕಾಣುವ ಸೈಜ್ ನಿಜವಾದ ಸೈಜ್ ಆಗಿರುತ್ತದೆ.

ಮೂರು ಕ್ಯಾಪ್ಚರ್ ಫೈಲ್ ಕಳಿಸಿದ ಮೇಲೆ ಆ ತಂಡದವರು ರೂಲ್ ತೆರೆದು ನೋಡಿದರು. ಎಕೋ ರಿಕ್ವೆಸ್ಟ್, ಎಕೋ ರಿಪ್ಲೈ, ಟೈಮ್ ಎಕ್ಸೀಡೆಡ್, ಈ ಮೂರಕ್ಕೇ ಅನುಮತಿ ಇತ್ತು. ಪಿಂಗ್ ಮತ್ತು ಟ್ರೇಸ್‌ರೂಟ್ ಓಡಲು ಅಷ್ಟು ಸಾಕು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಟೈಪ್ 3 ಸೇರಿಸಿದರು. ನಾನು ಕ್ಯಾಶ್ ಫ್ಲಶ್ ಮಾಡಿ ಅದೇ ಲೂಪ್ ಮತ್ತೆ ಓಡಿಸಿದೆ. ದೊಡ್ಡ ಪ್ಯಾಕೆಟ್, ಟಿಟಿಎಲ್ 4: ಟೈಪ್ 3, ಕೋಡ್ 4, ಎಂಟಿಯು 1420, ಒಳಗೆ ನನ್ನ 4004.

ಟನಲ್ ರೌಟರ್‌ನಲ್ಲಿ ಎಂಎಸ್‌ಎಸ್ (ಒಂದು ಟಿಸಿಪಿ ಸೆಗ್ಮೆಂಟ್‌ನ ಗರಿಷ್ಠ ಸೈಜ್) 1380ಕ್ಕೆ ಕ್ಲ್ಯಾಂಪ್ ಮಾಡಿದರೆ, ಅಂದರೆ ಮಿತಿ ಹಾಕಿದರೆ, ಸಾಕಿತ್ತಲ್ವಾ, ಇಷ್ಟೆಲ್ಲ ಯಾಕೆ ಅಂತ ಒಬ್ಬರು ಕೇಳಿದರು. ಕ್ಲ್ಯಾಂಪ್ ಕೂಡ ಹಾಕಿದ್ದೇವೆ, ಇರಲಿ. ಆದರೆ ಅದು ಟಿಸಿಪಿಯ ಸಿನ್ ಪ್ಯಾಕೆಟ್ ತಿದ್ದುತ್ತದೆ ಅಷ್ಟೇ. ಅದೇ ದಾರಿಯಲ್ಲಿ ಯುಡಿಪಿಯಲ್ಲಿ ದೊಡ್ಡ ಡೇಟಾ ಕಳಿಸುವ ಅಪ್ಲಿಕೇಶನ್‌ಗಳೂ ಇದ್ದವು. ಅವುಗಳಿಗೆ ಆ ಟೈಪ್ 3 ವಾಪಸ್ ಬರಲೇಬೇಕು.