ಯುದ್ಧನೌಕೆಗೆ ಮೊದಲು ಖಜಾನೆ: ಸ್ಟೆಲಾರಿಸ್‌ಗೆ ಹೊಸಬರಾದರೆ

ಹೋದ ವರ್ಷ ಮಳೆ ರಜೆ ಸಿಕ್ಕಾಗ ಸಕಲೇಶಪುರದ ಅಕ್ಕನ ಮಗ ಹಾಸನದ ನಮ್ಮ ಮನೆಗೆ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ, ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಆಟವಾದ ಸ್ಟೆಲಾರಿಸ್ ತೆರೆದವನೇ ಒಂದರ ಮೇಲೊಂದು ಯುದ್ಧನೌಕೆ ಕಟ್ಟಿದ. ಸಂಜೆ ಕಾಫಿ ಹೊತ್ತಿಗೆ ಖಜಾನೆ ಬರಿದು. "ಮಾಮ, ಯಾರೂ ದಾಳಿನೇ ಮಾಡ್ಲಿಲ್ಲ, ಆದ್ರೂ ಮುಳುಗಿದೆ" ಅಂದ. ಸ್ವೀಡನ್ನಿನ ಪ್ಯಾರಡಾಕ್ಸ್ 2016ರಲ್ಲಿ ಹೊರತಂದ ಈ ಆಟವನ್ನು ಮೊದಲ ಸಲ ನಾನು ಸೋತದ್ದೂ ಹಾಗೆಯೇ. ಅದಕ್ಕೇ ಅವನಿಗೆ ಹೇಳಿಕೊಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆಟ ಹೊಂದಿಸಿಕೊಳ್ಳಿ. ಗೆಲಾಕ್ಸಿಯ ಗಾತ್ರ 'ಟೈನಿ' ಇರಲಿ; 200 ನಕ್ಷತ್ರ ಕಲಿಯಲು ಧಾರಾಳ, ಹಳೆಯ ಲ್ಯಾಪ್‌ಟಾಪಿಗೂ ಹಗುರ. ಸಿದ್ಧವಿರುವ ಸಾಮ್ರಾಜ್ಯಗಳಲ್ಲಿ 'ಯುನೈಟೆಡ್ ನೇಷನ್ಸ್ ಆಫ್ ಅರ್ತ್' ಆರಿಸಿ. ಡಿಎಲ್‌ಸಿಗಳಿಗೆ, ಅಂದರೆ ಬೇರೆಯಾಗಿ ಕೊಳ್ಳುವ ಹೆಚ್ಚುವರಿ ಭಾಗಗಳಿಗೆ, ಈಗಲೇ ದುಡ್ಡು ಹಾಕಬೇಡಿ.

ಆಟ 2200ನೇ ಇಸವಿಯಲ್ಲಿ ಶುರು. ಕೂಡಲೇ ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿ. ನಿಲ್ಲಿಸಿದಾಗಲೂ ಆಜ್ಞೆ ಕೊಡಬಹುದು. ಸೈನ್ಸ್ ಶಿಪ್ಪನ್ನು ಪಕ್ಕದ ನಕ್ಷತ್ರಗಳ ಸರ್ವೆಗೆ ಕಳಿಸಿ, ಬೇಗನೆ ಇನ್ನೊಂದನ್ನು ಕಟ್ಟಿ. ಸರ್ವೆಯಾಗದ ಜಾಗದಲ್ಲಿ ಔಟ್‌ಪೋಸ್ಟ್, ಅಂದರೆ ಆ ನಕ್ಷತ್ರವನ್ನು ನಿಮ್ಮದಾಗಿಸುವ ಠಾಣೆ, ಹಾಕಲು ಬಿಡುವುದಿಲ್ಲ.

ಇನ್ನು ಲೆಕ್ಕ. ಪರದೆಯ ಮೇಲ್ಭಾಗದ ಸಾಲಿನಲ್ಲಿ ಎನರ್ಜಿ (ಈ ಆಟದ ದುಡ್ಡು), ಮಿನರಲ್, ಆಹಾರ, ಅಲಾಯ್ (ನೌಕೆ ಕಟ್ಟುವ ಮಿಶ್ರಲೋಹ) ಎಲ್ಲದರ ಪಕ್ಕ ತಿಂಗಳ ಏರಿಳಿತ ಕಾಣುತ್ತದೆ. ಪ್ರತಿ ನೌಕೆಗೂ ಕಟ್ಟಡಕ್ಕೂ ತಿಂಗಳ ಖರ್ಚಿದೆ. ಎನರ್ಜಿಯ ಅಂಕಿ ಕೆಂಪಾಯಿತೋ, ಹೊಸದೇನನ್ನೂ ಕಟ್ಟದೆ ಮೊದಲು ಅದನ್ನು ಸರಿಮಾಡಿ. ಮಾರುಕಟ್ಟೆಯಲ್ಲಿ ಕೊಳ್ಳಬಹುದು ನಿಜ, ಆದರೆ ಕೊಂಡಷ್ಟೂ ಬೆಲೆ ಏರುತ್ತದೆ. ಇನ್‌ಫ್ಲುಯೆನ್ಸ್, ಅಂದರೆ ನಿಮ್ಮ ಸಾಮ್ರಾಜ್ಯದ ಪ್ರಭಾವ, ಅಂತೂ ದುಡ್ಡಿಗೆ ಸಿಗದು, ಔಟ್‌ಪೋಸ್ಟಿಗೆ ಅದೇ ಬೇಕು. ಸುಮ್ಮನೆ ಕಳೆಯಬೇಡಿ.

ಹೊಸ ಗ್ರಹಗಳ ವಿಷಯದಲ್ಲಿ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಫಿ ಗಿಡ ಇಟ್ಟ ವರ್ಷವೇ ಫಸಲು ಬರುವುದಿಲ್ಲ, ಆಳಿನ ಬಟವಾಡೆ ಮಾತ್ರ ಆ ವಾರದಿಂದಲೇ ಶುರು. ಹೊಸ ವಸಾಹತೂ ಹಾಗೆ, ಜನ ಹೆಚ್ಚುವವರೆಗೆ ಸಾಕಬೇಕು. ಒಟ್ಟಿಗೆ ನಾಲ್ಕೈದು ಗ್ರಹ ಹಿಡಿದರೆ ಕೈ ಸುಡುತ್ತದೆ. ಒಂದು ಬೇರೂರಿದ ಮೇಲೆ ಇನ್ನೊಂದು.

ನನಗೆ ಈ ಆಟದಲ್ಲಿ ಬಹಳ ಹಿಡಿಸುವುದು ದಾರಿಗಳು. ಆರಂಭದಲ್ಲಿ ನೌಕೆಗಳು ಬೇಕಾದತ್ತ ಹಾರುವಂತಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಎಳೆದ ಹೈಪರ್‌ಲೇನ್‌ನಲ್ಲೇ ಸಾಗಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಹಾಸನದಿಂದ ಮಂಗಳೂರಿಗೆ ಹೊರಟವರು ಚಾರ್ಮಾಡಿಗೆ ಸುತ್ತುವುದಿಲ್ಲವೇ? ಚಾರ್ಮಾಡಿಯೂ ಬಂದ್ ಆದರೆ ಪರದಾಟವೇ. ನಕ್ಷೆಯಲ್ಲಿ ಅಂಥ ಘಾಟಿಗಳನ್ನು ಹುಡುಕಿ: ಐದಾರು ನಕ್ಷತ್ರಗಳಿಗೆ ಹೋಗಲು ಒಂದೇ ನಕ್ಷತ್ರ ಹಾಯಬೇಕಾದ ಜಾಗ. ನೆರೆಯವನಿಗಿಂತ ಮುಂಚೆ ಅಲ್ಲಿ ಔಟ್‌ಪೋಸ್ಟ್ ಹಾಕಿ. ಹಿಂದಿನ ನಕ್ಷತ್ರಗಳು ಹೆಚ್ಚುಕಡಿಮೆ ನಿಮ್ಮವೇ, ನಿಧಾನವಾಗಿ ತುಂಬಿಕೊಳ್ಳಬಹುದು. ಆಮೇಲೆ ಆ ಔಟ್‌ಪೋಸ್ಟನ್ನು ಸ್ಟಾರ್‌ಬೇಸ್ ಎಂಬ ದೊಡ್ಡ ಠಾಣೆಯಾಗಿ ಮೇಲ್ದರ್ಜೆಗೇರಿಸಿ ಫಿರಂಗಿ ಕೂರಿಸಿ. ಸ್ಟಾರ್‌ಬೇಸ್‌ಗಳ ಸಂಖ್ಯೆಗೆ ಮಿತಿಯಿದೆ, ಆದ್ದರಿಂದ ಕಂಡಲ್ಲೆಲ್ಲ ಬೇಡ, ಘಾಟಿಗೆ ಮಾತ್ರ.

ನೆರೆಯವರ ಬಲ ತಿಳಿಯಲು ರಾಜತಾಂತ್ರಿಕ ಪರದೆ ನೋಡಿ. ಅವರ ನೌಕಾಪಡೆಯ ಮುಂದೆ 'ಓವರ್‌ವೆಲ್ಮಿಂಗ್' ಎಂದಿದ್ದರೆ ಸ್ನೇಹವೇ ಲೇಸು. 'ಫಾಲನ್ ಎಂಪೈರ್' ಎಂಬ ಪುರಾತನ ಸಾಮ್ರಾಜ್ಯಗಳನ್ನಂತೂ ಕೆಣಕಲೇಬೇಡಿ.

ಮುಂದಿನ ಸಲ ಅಕ್ಕನ ಮಗ ಮೂರೇ ದಾರಿಯಿದ್ದ ಮೂಲೆಯೊಂದನ್ನು ಹಿಡಿದು, ಮೂರಕ್ಕೂ ಬಾಗಿಲು ಹಾಕಿದ. ಆಟ ಹೊಂದಿಸುವಾಗ ಬೇರೆ ಏನನ್ನೂ ಬದಲಿಸದಿದ್ದರೆ ನೀವು ಆಡುವ ಆಟದಲ್ಲೂ 2400ರ ನಂತರ ದೊಡ್ಡ ಗಂಡಾಂತರವೊಂದು ಬಂದೆರಗುತ್ತದೆ. ಆ ಹೊತ್ತಿಗೆ ನೌಕೆ ಕಟ್ಟಲು ಅಲಾಯ್ ರಾಶಿ ಬಿದ್ದಿರಲಿ.