ಜೇಬಿಗೊಂದು ಪಿಸ್ತೂಲು ಹುಡುಕಿ ಹೊರಟು ರಿವಾಲ್ವರ್ ತಂದ ಕತೆ

ನಮ್ಮದು ಕೊಡಗು. ಕೋವಿ ನನಗೆ ಹೊಸದಲ್ಲ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನೆಲ್ಲ ಒರೆಸಿ, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಸಾಲಾಗಿ ಇಡುವುದನ್ನು ನೋಡಿಕೊಂಡೇ ಬೆಳೆದವನು. ಕೊಡವರಿಗೆ ಅಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಆದರೆ ನಮ್ಮ ಕಡೆ ಕೋವಿ ಅಂದರೆ ಹೆಗಲ ಮೇಲೆ, ನಾಲ್ಕು ಜನಕ್ಕೆ ಕಾಣುವ ಹಾಗೆ. ಬಚ್ಚಿಟ್ಟುಕೊಂಡು ಓಡಾಡುವುದನ್ನು ಕಲಿತದ್ದು ಟೆಕ್ಸಾಸ್‌ಗೆ ಬಂದ ಮೇಲೆ.

ಇಲ್ಲಿ ಒಂದು ಗ್ಯಾಸ್ ಸ್ಟೇಷನ್ ಅಂಗಡಿಯಲ್ಲಿ ನನಗೆ ಪಾಲಿದೆ. ವಾರಕ್ಕೆ ಮೂರು ರಾತ್ರಿ ಕ್ಯಾಶ್ ಎಣಿಸಿ, ಬ್ಯಾಂಕಿಗೆ ಕಟ್ಟಿ ಬರುವುದು ನನ್ನ ಕೆಲಸ. ಗನ್ ಬೇಕು ಅನ್ನಿಸಿದ್ದು ಅದಕ್ಕೇ.

ಮೊದಲೇ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಇಲ್ಲಿ ಗನ್ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿಗಳಿವೆ, ಅದನ್ನು ವಕೀಲರ ಹತ್ತಿರ ಕೇಳಿ, ಗೆಳೆಯರ ಮಾತು ಕೇಳಿಕೊಂಡು ಹೋಗಬೇಡಿ. ಕೊಳ್ಳುವಾಗ ತುಂಬುವ 4473 ಫಾರ್ಮಿನಲ್ಲಿ ಸುಳ್ಳು ಬರೆದರೆ ಅದೇ ಒಂದು ದೊಡ್ಡ ಅಪರಾಧ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಅರ್ಹತೆ ಇರುವವರು ಲೈಸೆನ್ಸ್ ಇಲ್ಲದೆಯೂ ಗನ್ ಇಟ್ಟುಕೊಂಡು ಓಡಾಡಬಹುದು. ಆದರೂ ನಾನು ಲೈಸೆನ್ಸ್ ಮಾಡಿಸಿದೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಅದು ನಡೆಯುತ್ತದೆ, ಕ್ಲಾಸಿನಲ್ಲಿ ಎಲ್ಲಿಗೆ ಒಯ್ಯಬಾರದು ಅನ್ನೋದನ್ನು ಸರಿಯಾಗಿ ಹೇಳಿಕೊಡುತ್ತಾರೆ. ಬಾರ್‌ಗಳ ಬಾಗಿಲಿಗೆ ಹಾಕಿರುವ ಕೆಂಪು 51 ಶೇಕಡಾ ಬೋರ್ಡ್ ಅಂದರೆ ಒಳಗೆ ಗನ್ ಒಯ್ಯಬಾರದು ಅಂತ ನನಗೆ ಗೊತ್ತಾದದ್ದು ಅಲ್ಲೇ.

ಮೊದಲು ತಂದದ್ದು ಗ್ಲಾಕ್ 19. ಒಳ್ಳೆಯ ಗನ್, ಹದಿನೈದು ಗುಂಡು ಹಿಡಿಯುತ್ತದೆ. ಆದರೆ ಖಾಲಿ ಇದ್ದಾಗಲೇ ಆರುನೂರು ಗ್ರಾಂ ಮೇಲೆ ತೂಗುತ್ತೆ. ಚಳಿಗಾಲದಲ್ಲಿ ಜಾಕೆಟ್ ಕೆಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಮೇ ಬಂತು, ಜಾಕೆಟ್ ಹೋಯಿತು, ತೆಳು ಟೀ ಶರ್ಟ್ ಒಳಗಿಂದ ಹಿಡಿಕೆ ಎದ್ದು ಕಾಣತೊಡಗಿತು. ಜೂನ್ ಹೊತ್ತಿಗೆ ಅದು ಬೀರು ಸೇರಿ ಕೂತಿತು. ನಾನು ಬರಿಗೈಯಲ್ಲಿ ಬ್ಯಾಂಕಿಗೆ ಹೋಗುತ್ತಿದ್ದೆ.

ಆಮೇಲೆ ಎದುರು ದಿಕ್ಕಿಗೆ ಓಡಿದೆ. ಸಿಕ್ಕಿದ್ದರಲ್ಲಿ ಅತಿ ಚಿಕ್ಕ .380 ಪಿಸ್ತೂಲು ತಂದೆ. ಯಾವ ಕಂಪನಿಯದು ಅನ್ನೋದು ಬೇಡ, ತಪ್ಪು ಗನ್ನಿನದಲ್ಲ. ಅಂಗಡಿಯಲ್ಲಿ ಜೇಬಿಗೆ ಹಾಕಿ ನೋಡಿದಾಗ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ, ಖುಷಿಯಾಯಿತು. ರೇಂಜಿಗೆ ಒಯ್ದು ಹೊಡೆದೆ ನೋಡಿ, ಎರಡನೇ ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಸಂದು ಕೆಂಪಗಾಗಿತ್ತು. ಗನ್ ಹಗುರವಾದಷ್ಟೂ ಒದೆ ಜಾಸ್ತಿ, ಅಷ್ಟೇ ಲೆಕ್ಕ. ಹಿಡಿಕೆ ಎಷ್ಟು ಗಿಡ್ಡ ಅಂದರೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಮೂರನೇ ಮ್ಯಾಗಜೀನಿನಲ್ಲಿ ಹೊಡೆದ ಗುಂಡಿನ ಖಾಲಿ ಕೇಸ್ ಹೊರಗೆ ಹಾರದೆ, ಹಿಂದೆ ಮುಂದೆ ಸರಿಯುವ ಮೇಲಿನ ಭಾಗವಾದ ಸ್ಲೈಡಿನ ಬಾಯಲ್ಲೇ ನೆಟ್ಟಗೆ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ಮುದುಕರು ನಕ್ಕು, ಮಣಿಕಟ್ಟು ಸಡಿಲ ಬಿಟ್ಟಿದ್ದೀಯ ಅಂದರು. ಸಣ್ಣ ಪಿಸ್ತೂಲಿಗೆ ಕೈ ಗಟ್ಟಿಯಾಗಿ ನಿಂತರೇನೇ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಬರುವುದು. ಹೆಂಡತಿಗಂತೂ ಆ ಸ್ಲೈಡ್ ಎಳೆಯಲಿಕ್ಕೇ ಆಗಲಿಲ್ಲ.

ಎರಡು ಸಲ ದುಡ್ಡು ಕಳೆದ ಮೇಲೆ ಬುದ್ಧಿ ಬಂತು. ಇಲ್ಲಿನ ರೇಂಜುಗಳಲ್ಲಿ ಗನ್ ಬಾಡಿಗೆಗೆ ಕೊಡುತ್ತಾರೆ. ಒಂದು ಭಾನುವಾರ ಮೂರು ತೆಗೆದುಕೊಂಡೆ: ರುಗರ್ ಎಲ್‌ಸಿಪಿ ಮ್ಯಾಕ್ಸ್, ಸಿಗ್ ಪಿ365, ಸ್ಮಿತ್ ಅಂಡ್ ವೆಸ್ಸನ್ 642. ಏಳು ಗಜದಲ್ಲಿ ಪೇಪರ್ ತಟ್ಟೆ ನೇತುಹಾಕಿ ಹೊಡೆದೆ. ಪಿ365 ಎಲ್ಲಕ್ಕಿಂತ ಚೆನ್ನಾಗಿ ಬಿತ್ತು, 9 ಎಂಎಂ, ಹತ್ತು ಗುಂಡು. ಆದರೆ ಅರ್ಧ ಕೆಜಿ, ಜೇಬಿಗೆ ಹಾಕಿದರೆ ಪ್ಯಾಂಟು ಒಂದು ಕಡೆ ಜಗ್ಗುತ್ತದೆ. ಎಲ್‌ಸಿಪಿ ಮ್ಯಾಕ್ಸ್ ಬರೀ 300 ಗ್ರಾಂ, ಅದರಲ್ಲೂ ಹತ್ತು ಗುಂಡು, ಗುರಿಕಣ್ಣು ಕೂಡ ಸರಿಯಾಗಿ ಕಾಣುತ್ತೆ. ಸೊಂಟಕ್ಕಲ್ಲ, ಜೇಬಿಗೇ ಪಿಸ್ತೂಲು ಬೇಕು ಅನ್ನುವವರು ಮೊದಲು ಅದನ್ನೇ ನೋಡಿ.

ನಾನು ಕೊಂಡದ್ದು 642. ಅದು ಪಿಸ್ತೂಲೇ ಅಲ್ಲ, ಐದು ಗುಂಡಿನ .38 ರಿವಾಲ್ವರ್, ನಳಿಗೆ ಎರಡು ಇಂಚೂ ಇಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕೇಳಿದ್ದು, "ಇದಕ್ಕೆ ಹೂ ಎಲ್ಲಿ ಸಿಕ್ಕಿಸ್ತೀಯ?" ಅಂತ.

ಯಾಕೆ ಅದೇ ಅಂದರೆ, ಜೇಬೇ ಬೇರೆ ಥರದ ಜಾಗ. ಸುಮ್ನೆ ಪಿಸ್ತೂಲಿನ ಹಿಡಿಕೆ ಹಿಡಿದು ಎಳೆದು ನೋಡಿ, ಮುಷ್ಟಿಯಾದ ಕೈ ಜೇಬಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. 642ರಲ್ಲಿ ಗುಂಡು ಹಾರಿಸಲು ಬಡಿಯುವ ಹ್ಯಾಮರ್ ಒಳಗೇ ಮುಚ್ಚಿಕೊಂಡಿದೆ. ಅದರ ಬೆನ್ನ ಮೇಲೆ ಹೆಬ್ಬೆರಳು ಇಟ್ಟರೆ ಕೈ ಕಿರಿದಾಗುತ್ತದೆ, ಬಟ್ಟೆಗೆ ಏನೂ ತೊಡರದೆ ಹೊರಬರುತ್ತದೆ. ಟ್ರಿಗರ್ ಉದ್ದ, ಬಿಗಿ. ಗುರಿ ಇಡುವಾಗ ಅದು ತೊಂದರೆಯೇ, ಆದರೆ ತೊಡೆಯ ಮೇಲೆ ಗುಂಡು ತುಂಬಿದ ಗನ್ ಇರುವಾಗ ಆ ಬಿಗಿ ನನಗೆ ಸಮಾಧಾನ. ಎಳೆಯಲು ಸ್ಲೈಡ್ ಇಲ್ಲ, ಹಾಗಾಗಿ ಹೆಂಡತಿಯೂ ಹೊಡೆಯಬಲ್ಲಳು. ಗುಂಡು ಕೂರುವ ಉರುಳೆ ದಪ್ಪ ನಿಜ, ಆದರೆ ಹೊರಗಿನಿಂದ ಬೀಗದ ಕೈ ಗೊಂಚಲಿನ ಹಾಗೆ ಉಂಡೆಯಾಗಿ ಕಾಣುತ್ತದೆ, ಗನ್ ಆಕಾರ ಬರುವುದಿಲ್ಲ.

ಒದೆ? ಇದೆ, ಚೆನ್ನಾಗಿಯೇ ಇದೆ. ಜೋರು ಗುಂಡು ಹಾಕಿ ಹೊಡೆದರೆ ಇಪ್ಪತ್ತಕ್ಕೆ ಕೈ ಸೋಲುತ್ತದೆ. ಅದಕ್ಕೆ ನಾನು 148 ಗ್ರೇನ್ ತೂಕದ ವ್ಯಾಡ್‌ಕಟರ್ ಹಾಕುತ್ತೇನೆ. ಗುರಿ ಅಭ್ಯಾಸಕ್ಕೆ ಮಾಡಿದ ಚಪ್ಪಟೆ ಮೂತಿಯ ಗುಂಡು, ತಾಗಿದ ಮೇಲೆ ಅಗಲವಾಗಿ ಅರಳುವುದಿಲ್ಲ, ಆದರೆ ಒದೆ ಕಮ್ಮಿ, ಸಾಕಷ್ಟು ಆಳಕ್ಕೂ ಹೋಗುತ್ತದೆ. ಗಿಡ್ಡ ನಳಿಗೆಯಿಂದ ಹೊರಟ ಅರಳುವ ಗುಂಡು ಎಷ್ಟೋ ಸಲ ಅರಳುವುದೇ ಇಲ್ಲ, ದುಡ್ಡು ದಂಡ. ಒಂದು ಕಷ್ಟ, ಚಪ್ಪಟೆ ಮೂತಿ ಇರುವುದರಿಂದ ಅವಸರದಲ್ಲಿ ತುಂಬಲಿಕ್ಕೆ ಹೋದರೆ ಉರುಳೆಯ ತೂತಿಗೆ ಕೂರುವುದಿಲ್ಲ. ಐದರಲ್ಲಿ ಮುಗಿಯಬೇಕು ಅಂದುಕೊಂಡೇ ಇದ್ದೇನೆ.

ಹೋಲ್ಸ್ಟರ್, ಅಂದರೆ ಗನ್ ಕೂರಿಸುವ ಕವಚ, ಇಲ್ಲದೆ ಜೇಬಿಗೆ ಗನ್ ಹಾಕಲೇಬೇಡಿ. ಟ್ರಿಗರ್ ಪೂರ್ತಿ ಮುಚ್ಚಬೇಕು, ಹೊರಮೈ ಒರಟಾಗಿರಬೇಕು. ಇಲ್ಲದಿದ್ದರೆ ಗನ್ನಿನ ಜೊತೆ ಹೋಲ್ಸ್ಟರೂ ಹೊರಗೆ ಬರುತ್ತದೆ, ನನಗೆ ಆಗಿದೆ, ಪುಣ್ಯಕ್ಕೆ ಮನೆಯಲ್ಲಿ ಖಾಲಿ ಗನ್ನಿನಲ್ಲಿ ಅಭ್ಯಾಸ ಮಾಡುವಾಗ. ಆ ಜೇಬಿಗೆ ಬೇರೆ ಏನೂ ಹೋಗಬಾರದು, ಚಿಲ್ಲರೆಯೂ ಇಲ್ಲ, ಕೀಲಿಯೂ ಇಲ್ಲ. ವಾಪಸ್ ಇಡುವಾಗ ಹೋಲ್ಸ್ಟರ್ ಹೊರಗೆ ತೆಗೆದು, ಗನ್ ಅದರೊಳಗೆ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಜೇಬಿಗೆ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂತಾಗ ಜೇಬಿನಿಂದ ತೆಗೆಯಲು ಆಗುವುದಿಲ್ಲ. ಇದನ್ನು ನಾನು ಕೊಂಡ ಮೇಲೆ ಕಂಡುಕೊಂಡೆ, ಇದಕ್ಕೆ ನನ್ನ ಹತ್ತಿರ ಉಪಾಯವೂ ಇಲ್ಲ. ವಾರಕ್ಕೊಮ್ಮೆ ಗುಂಡು ತೆಗೆದು ಬೇರೆ ರೂಮಿನಲ್ಲಿಟ್ಟು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉರುಳೆಯ ಸಂದಿಯ ಬಟ್ಟೆ ನವಿರು ಕೆರೆಯುತ್ತೇನೆ. ಎಷ್ಟು ಸೇರಿಕೊಂಡಿರುತ್ತದೆ ಅಂದರೆ ನಂಬಲಿಕ್ಕಿಲ್ಲ.

ಈಗ ಪ್ಯಾಂಟ್ ಕೊಳ್ಳಲು ಹೋದರೆ ಬಣ್ಣ ನೋಡುವ ಮೊದಲು ಜೇಬಿಗೆ ಕೈ ಹಾಕಿ ಆಳ ನೋಡುತ್ತೇನೆ. ಹೆಂಡತಿ ಅಷ್ಟು ಹೊತ್ತು ದೂರದ ಶರ್ಟುಗಳ ಸಾಲಿಗೆ ಹೋಗಿ ನಿಂತಿರುತ್ತಾಳೆ.