ಗಾಳಕ್ಕಿಂತ ಮೊದಲು ತಿಂಡಿ: ಮಗಳ ಜೊತೆ ಗೆಂಡೆ ಮೀನು ಹಿಡಿದ ದಿನ

ಮಕ್ಕಳನ್ನು ಮೊದಲ ಸಲ ಮೀನು ಹಿಡಿಯಲು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ. ಗಾಳವನ್ನು ತಳಕ್ಕೆ ಬಿಟ್ಟು ಮಗುವನ್ನು ಪಕ್ಕದಲ್ಲಿ ಕೂರಿಸಬೇಡಿ. ತಳದಲ್ಲಿ ಏನು ನಡೆಯುತ್ತಿದೆ ಅಂತ ದೊಡ್ಡವರಿಗೇ ಗೊತ್ತಾಗುವುದಿಲ್ಲ, ಇನ್ನು ಮಗುವಿಗೆ ಹೇಗೆ ಗೊತ್ತಾಗಬೇಕು? ಅದರ ಬದಲು ತೇಲುವ ತಿಂಡಿ ಎಸೆದು ಗೆಂಡೆ ಮೀನುಗಳನ್ನು ಮೇಲಕ್ಕೇ ಕರೆಯಿರಿ. ಆಗ ಮೀನು ಬರುವುದು, ಅನುಮಾನ ಪಡುವುದು, ಬಾಯಿ ತೆರೆಯುವುದು ಎಲ್ಲವೂ ಕಣ್ಣೆದುರಿಗೇ ನಡೆಯುತ್ತದೆ. ಒಂಬತ್ತು ವರ್ಷದ ನನ್ನ ಮಗಳು ಬೇಜಾರು ಅನ್ನದೆ ಇಡೀ ದಿನ ಕೆರೆ ದಡದಲ್ಲಿ ಕಳೆದದ್ದು ಹೀಗೆ.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಥೇಮ್ಸ್ ಕಣಿವೆಯ ಈ ಭಾಗದಲ್ಲಿ ಜಲ್ಲಿ ತೆಗೆದು ಬಿಟ್ಟ ಹಳೆಯ ಗುಂಡಿಗಳಿಗೆ ನೀರು ತುಂಬಿ, ಈಗ ಒಳ್ಳೆಯ ಕೆರೆಗಳಾಗಿವೆ. ಕೆಲವು ಕಡೆ ದಿನದ ಟಿಕೆಟ್ ಕೊಂಡು ಯಾರು ಬೇಕಾದರೂ ಮೀನು ಹಿಡಿಯಬಹುದು. ಟಿಕೆಟ್ ಅಲ್ಲದೆ ಸರ್ಕಾರದ ರಾಡ್ ಲೈಸೆನ್ಸ್ ಕೂಡ ಬೇಕು. ಹದಿಮೂರು ತುಂಬದ ಮಕ್ಕಳಿಗೆ ಅದು ಬೇಡ. 13ರಿಂದ 16ರವರೆಗಿನ ಮಕ್ಕಳು ಲೈಸೆನ್ಸ್ ಮಾಡಿಸಲೇಬೇಕು, ಆದರೆ ದುಡ್ಡಿಲ್ಲ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಗಳಲ್ಲಿ ಗೆಂಡೆಯಂಥ ಮೀನು ಹಿಡಿಯುವಂತಿಲ್ಲ. ಹೆಚ್ಚಿನ ಕೆರೆಗಳಿಗೆ ಆ ನಿರ್ಬಂಧ ಇಲ್ಲ. ಆದರೂ ಮೇಲ್ನೀರಿನ ಬೇಟೆಗೆ ನಾನು ಕಾಯುವುದು ಜೂನ್ ಕೊನೆಗೆ. ಮೀನಿನ ಮೈ ನೀರು ಬಿಸಿಯಾದಷ್ಟೂ ಬಿಸಿಯಾಗುತ್ತದೆ, ಹಸಿವೂ ಹೆಚ್ಚುತ್ತದೆ. ಎರಡು ಮೂರು ದಿನ ಬಿಸಿಲು ಕಾದ ಮೇಲೆ ಗೆಂಡೆಗಳು ತಾವಾಗಿಯೇ ಮೇಲೆ ಬಂದು ಬೆನ್ನು ಕಾಯಿಸಿಕೊಳ್ಳುತ್ತವೆ.

ಇದೇ ಸಾಮಾನ್ಯ ಗೆಂಡೆ ನಮ್ಮ ಕರ್ನಾಟಕದ ಕೆರೆಗಳಲ್ಲೂ ಕಾಟ್ಲಾ, ರೋಹು ಜೊತೆ ಬೆಳೆಯುತ್ತದೆ. ಎರಡು ದೇಶಕ್ಕೂ ಅದು ಹೊರಗಿನಿಂದ ಬಂದ ಮೀನೇ. ಭಾರತಕ್ಕೆ 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ತಂದರು. ಇಂಗ್ಲೆಂಡಿಗೆ ಬಂದು ಐನೂರು ವರ್ಷವೇ ಆಯಿತು. ಊರಿನಲ್ಲಿ ಇದು ಸಾರಿನ ಮೀನು. ಇಲ್ಲಿ ಹಿಡಿದು ಬಿಡುವ ಮೀನು. ಈ ವ್ಯತ್ಯಾಸದ ಬಗ್ಗೆ ಮಗಳು ಕೇಳಿದ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ತಿಂಡಿ ಅಂದರೆ ನಾಯಿಗೆ ಹಾಕುವ ಮಿಕ್ಸರ್ ಬಿಸ್ಕತ್ತು. ಇಲ್ಲಿನ ಗೆಂಡೆ ಬೇಟೆಗಾರರು ಎಷ್ಟೋ ವರ್ಷಗಳಿಂದ ಇದನ್ನೇ ಬಳಸುತ್ತಾರೆ. ಕಡಲೆಬೀಜಕ್ಕಿಂತ ಸ್ವಲ್ಪ ದಪ್ಪ, ಗಂಟೆಗಟ್ಟಲೆ ತೇಲುತ್ತದೆ, ಅಗ್ಗ. ಹಿಂದಿನ ರಾತ್ರಿ ಒಂದು ಪಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸ್ವಲ್ಪ ಬಿಸಿನೀರು ಚಿಮುಕಿಸಿ, ಚೆನ್ನಾಗಿ ಕುಲುಕಿ, ಬಾಯಿ ಕಟ್ಟಿ ಇಟ್ಟೆವು. ಬೆಳಿಗ್ಗೆ ಹೊತ್ತಿಗೆ ಅವು ರಬ್ಬರಿನ ಹಾಗೆ ಮೆತ್ತಗಾಗಿ, ಕೊಕ್ಕೆಗೆ ಚುಚ್ಚಿದರೂ ಒಡೆಯುವುದಿಲ್ಲ. ಉಳಿದದ್ದು ಒಣಗಿದ್ದೇ ಇರಲಿ, ಎಸೆಯಲು ಅದೇ ಒಳ್ಳೆಯದು. ಕುಲುಕುವ ಕೆಲಸ ಪೂರ್ತಿ ಮಗಳದ್ದು. ನಾಳೆ ತಾನು ಮಾಡಿದ ಅಡುಗೆಯನ್ನೇ ಮೀನು ತಿನ್ನುತ್ತದೆ ಅಂತ ಅವಳಿಗೆ ಆಗಲೇ ಖುಷಿ.

ಬೆಳಿಗ್ಗೆ ಕೆರೆ ತಲುಪಿದ ಮೇಲೆ ಸಾಮಾನು ಕಾರಿನಲ್ಲೇ ಬಿಟ್ಟು ಒಂದು ಸುತ್ತು ನಡೆದೆವು. ಈ ಸುತ್ತನ್ನು ಯಾರೂ ತಪ್ಪಿಸಬಾರದು. ನೀರಿನ ಹೊಳಪು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಇಬ್ಬರಿಗೂ ಇತ್ತು. ಅದಿಲ್ಲದಿದ್ದರೆ ಬರೀ ಆಕಾಶ ಕಾಣುತ್ತದೆ, ಹಾಕಿಕೊಂಡರೆ ನೀರಿನೊಳಗೆ ಒಂದು ಊರೇ ಕಾಣುತ್ತದೆ. ಗಾಳಿ ತಳ್ಳಿದ ನೊರೆ ಸೇರುವ ಮೂಲೆ, ನೀರಿಗೆ ಬಾಗಿದ ಮರದ ನೆರಳು, ಜೊಂಡಿನ ಅಂಚು, ತಾವರೆಯಂಥ ಎಲೆಗಳ ಸಂದು. ಗೆಂಡೆ ಇದ್ದರೆ ಇಲ್ಲೇ ಇರಬೇಕು.

“ಅಪ್ಪ, ಅಲ್ಲಿ! ಆ ಎಲೆ ಕೆಳಗೆ ಕಪ್ಪಗೆ ಏನೋ ಇದೆ.”

ಇತ್ತು. ಒಂದಲ್ಲ, ನಾಲ್ಕೈದು. ನಾನು ನೋಡುವ ಮೊದಲು ಅವಳು ನೋಡಿದ್ದಳು.

ಆದರೆ ನಾವು ಕೂತದ್ದು ಮೀನಿನ ನೆತ್ತಿಯ ಮೇಲಲ್ಲ. ಗಾಳಿ ನಮ್ಮ ಬೆನ್ನಿಗೆ ಬೀಳುವ ದಡ ಹಿಡಿದೆವು. ಅಲ್ಲಿಂದ ಎಸೆದ ಬಿಸ್ಕತ್ತು ಗಾಳಿಗೆ ತೇಲುತ್ತಾ ತಾನೇ ಎಲೆಗಳ ಕಡೆ ಹೋಗುತ್ತದೆ, ಗಾಳದ ಬೆಂಡೂ ಅದೇ ದಾರಿ ಹಿಡಿಯುತ್ತದೆ. ಮುಖಕ್ಕೆ ಗಾಳಿ ಇದ್ದರೆ ಎಲ್ಲ ವಾಪಸ್ ಕಾಲಬುಡಕ್ಕೇ ಬರುತ್ತದೆ.

ಈಗ ಮುಖ್ಯ ವಿಷಯ. ಗಾಳ ಹಾಕುವ ಮೊದಲು ತಿನ್ನಿಸಬೇಕು. ಸುಮ್ನೆ ಒಂದು ಹಿಡಿ ಎಸೆದು ಗಾಳ ಬಿಡುವುದಲ್ಲ. ಹತ್ತು ಹದಿನೈದು ಬಿಸ್ಕತ್ತು ಎಸೆದು, ನೋಡಿ, ಮತ್ತೆ ಎಸೆದು, ಮತ್ತೆ ನೋಡಿ, ಹೀಗೆ ಒಂದು ಗಂಟೆ. ರಾಡ್ ಮುಟ್ಟುವ ಹಾಗಿಲ್ಲ. ಇದನ್ನು ಮಗಳಿಗೆ ಒಪ್ಪಿಸುವುದು ಕಷ್ಟ ಅಂದುಕೊಂಡಿದ್ದೆ. ರಬ್ಬರಿನ ಕವಣೆಯನ್ನು ಅವಳ ಕೈಗೇ ಕೊಟ್ಟ ಕೂಡಲೇ ಆ ಕಷ್ಟ ಮಾಯವಾಯಿತು. ಎಲ್ಲಿ ಬೀಳಿಸಬೇಕು, ಎಷ್ಟು ಎಳೆಯಬೇಕು ಅನ್ನುವುದರಲ್ಲೇ ಅವಳು ಮುಳುಗಿಹೋದಳು. ಮಗುವಿಗೆ ನಿಜವಾದ ಕೆಲಸ ಕೊಟ್ಟರೆ ಕಾಯುವುದು ಕಾಯುವುದು ಅನ್ನಿಸುವುದಿಲ್ಲ. ಮೀನು ಹಿಡಿಯುವವರು ನಾವಾದರೂ, ಬರುವಂತೆ ಮಾಡಿದ್ದು ಅವಳು.

ಮೊದಮೊದಲು ಗೆಂಡೆಗಳು ಬಿಸ್ಕತ್ತಿನ ಕೆಳಗೆ ಬಂದು ಮೂತಿ ತಾಗಿಸಿ ತಿರುಗಿ ಹೋದವು. ಆಮೇಲೆ ಒಂದು ಧೈರ್ಯ ಮಾಡಿತು. ಬಾಯಿ ಮೇಲೆತ್ತಿ, ತುಟಿ ಮುಂದೆ ಚಾಚಿ, ಚಪ್ಪ್ ಅಂತ ಹೀರಿತು. ಗೆಂಡೆಗೆ ತುಟಿ ಹತ್ತಿರ ಹಲ್ಲಿಲ್ಲ, ಅಗಿಯುವ ಹಲ್ಲೆಲ್ಲ ಗಂಟಲಲ್ಲಿ. ಅದಕ್ಕೇ ಅದು ಮೊದಲು ಹೀರುತ್ತದೆ, ರುಚಿ ನೋಡುತ್ತದೆ, ಬೇಡವಾದರೆ ಅಷ್ಟೇ ಬೇಗ ಉಗುಳುತ್ತದೆ. ಮಗಳು ಪ್ರತಿ ಚಪ್ಪ್‌ಗೂ ನನ್ನ ತೋಳು ಹಿಡಿದು ಎಳೆಯುತ್ತಿದ್ದಳು.

ಬಾತುಕೋಳಿಗಳ ಕಾಟ ಇದ್ದೇ ಇರುತ್ತದೆ. ಬಿಸ್ಕತ್ತು ಕಂಡರೆ ಅವು ಎಲ್ಲಿದ್ದರೂ ಹಾರಿ ಬರುತ್ತವೆ. ಅವು ಬಂದಾಗ ಎಸೆಯುವುದನ್ನು ನಿಲ್ಲಿಸಿದೆವು. ಮಗಳು ದೂರದ ಇನ್ನೊಂದು ಮೂಲೆಗೆ ಹೋಗಿ ಒಂದು ಹಿಡಿ ಹಾಕಿ ಅವನ್ನು ಅಲ್ಲಿಗೆ ಎಳೆದಳು. ನೀರಲ್ಲಿ ಗಾಳ ಇರುವಾಗ ಹಕ್ಕಿ ಬಂದರೆ ಯೋಚನೆ ಮಾಡದೆ ಗಾಳ ಎಳೆದುಕೊಳ್ಳಬೇಕು. ಕೊಕ್ಕೆಗೆ ಸಿಕ್ಕ ಹಕ್ಕಿಯನ್ನು ಮಗು ನೋಡಬಾರದು, ಯಾರೂ ನೋಡಬಾರದು.

ಮೀನುಗಳು ಪರೀಕ್ಷೆ ಮಾಡುವುದನ್ನು ಬಿಟ್ಟು ಒಂದಕ್ಕೊಂದು ಪೈಪೋಟಿಗೆ ಬಿದ್ದು ತಿನ್ನಲು ಶುರು ಮಾಡಿದ ಮೇಲೆಯೇ ರಾಡ್ ತೆಗೆದದ್ದು. ರಾಡ್ ಜಾಸ್ತಿ ಗಡುಸಾಗಿರಬಾರದು, ಬಾಗಬೇಕು. ತೇಲುವ ನೈಲಾನ್ ಲೈನ್, 12 ಪೌಂಡಿನದು, ಅಂದರೆ ಅಷ್ಟು ಎಳೆತ ತಾಳುವಂಥದ್ದು. ಅದರ ಮೇಲೆ ಕಂಟ್ರೋಲರ್ ಅನ್ನುವ ಬೆಂಡು. ಎಸೆಯಲು ಬೇಕಾದ ತೂಕ ಅದರಲ್ಲೇ ಇರುತ್ತದೆ. ಬೆಂಡಿನಿಂದ ಮುಂದೆ ಐದಾರು ಅಡಿ ತೆಳುವಾದ 10 ಪೌಂಡಿನ ಲೈನ್, ಕೊನೆಗೆ ಮುಳ್ಳಿಲ್ಲದ 10ನೇ ನಂಬರಿನ ಕೊಕ್ಕೆ. ಫ್ಲೋರೋಕಾರ್ಬನ್ ಲೈನ್ ಮಾತ್ರ ಬೇಡ, ಅದು ಮುಳುಗುತ್ತದೆ, ಬಿಸ್ಕತ್ತನ್ನೂ ಎಳೆಯುತ್ತದೆ. ಮೀನಿನ ಗುಂಪಿನ ಮೇಲೆ ನೇರವಾಗಿ ಎಸೆದರೆ ಅಷ್ಟು ಹೊತ್ತಿನ ಕೆಲಸ ಹಾಳು. ಗುಂಪು ದಾಟಿ ಆಚೆ ಎಸೆದು, ನಿಧಾನಕ್ಕೆ ಎಳೆದು ತಂದು, ಎಸೆದ ಬಿಸ್ಕತ್ತುಗಳ ನಡುವೆ ಗಾಳದ ಬಿಸ್ಕತ್ತನ್ನು ಸೇರಿಸಬೇಕು. ಎಸೆದದ್ದು ನಾನು. ಆಮೇಲೆ ರಾಡ್ ಅವಳಿಗೆ ಕೊಟ್ಟೆ. ಎಸೆತ ಇನ್ನೊಂದು ದಿನ ಹುಲ್ಲಿನ ಮೇಲೆ ಕಲಿಯಬಹುದು. ಮೀನು ಸಿಕ್ಕುವ ಆ ಗಳಿಗೆ ಮಗುವಿನ ಕೈಯಲ್ಲೇ ಆಗಬೇಕು.

“ಪುಟ್ಟಿ, ನೀರು ಅಲುಗಿದರೆ ಎಳೆಯಬೇಡ. ಬೆಂಡು ಹೊರಟರೆ ಮಾತ್ರ ಎತ್ತು.”

ಎಲ್ಲರೂ ಎಡವುವುದು ಇಲ್ಲೇ. ಮೀನು ಬಿಸ್ಕತ್ತಿನ ಹತ್ತಿರ ಬಂದು ಬಾಲ ಬೀಸಿದರೂ ನೀರು ಸುಳಿ ಹೊಡೆಯುತ್ತದೆ. ಆಗ ಎಳೆದರೆ ಗಾಳ ಖಾಲಿ ಬರುತ್ತದೆ, ಮೀನೆಲ್ಲ ಚೆದುರುತ್ತವೆ. ಬಾಯಿ ಮುಚ್ಚಿ ತಿರುಗಿ ಹೊರಟಾಗ ಬೆಂಡು ತಾನೇ ಜಾರುತ್ತದೆ. ಮಗಳು ಕಾದಳು. ಒಂದು ಸುಳಿ, ಇನ್ನೊಂದು ಸುಳಿ, ಅವಳು ಉಸಿರು ಬಿಗಿಹಿಡಿದು ನಿಂತೇ ಇದ್ದಳು. ಬೆಂಡು ಸರ್ರನೆ ಹೊರಟಿತು. ಎತ್ತಿದಳು. ರೀಲ್ ಕಿರುಚಿತು, ಅವಳೂ ಕಿರುಚಿದಳು.

ರೀಲಿನ ಬಿಗಿತವನ್ನು ಮೊದಲೇ ಸಡಿಲ ಮಾಡಿಟ್ಟಿದ್ದೆ. ಮೀನು ಓಡಬೇಕೆಂದರೆ ಲೈನ್ ಕೊಡಬೇಕು, ತುಂಡಾಗಬಾರದು. ನನ್ನ ಒಂದು ಕೈ ರಾಡಿನ ಅಡಿಗೆ ಆಧಾರವಾಗಿತ್ತು, ಸುತ್ತುವುದು, ಬಿಡುವುದು ಎಲ್ಲ ಅವಳೇ. “ಅದು ಎಳೆದರೆ ಬಿಡು, ನಿಂತರೆ ಸುತ್ತು” ಅಂದದ್ದಷ್ಟೇ ನನ್ನ ಪಾಠ. ಅದು ಎಲೆಗಳ ಕಡೆ ನುಗ್ಗಿದಾಗ ರಾಡನ್ನು ಪಕ್ಕಕ್ಕೆ ಬಾಗಿಸಿ ತಿರುಗಿಸಿದೆವು. ದೊಡ್ಡ ಬಲೆಯನ್ನು ನೀರೊಳಗೆ ಅಲುಗಾಡಿಸದೆ ಹಿಡಿದು, ಮೀನನ್ನೇ ಅದರ ಮೇಲೆ ತರಬೇಕು. ಬಲೆ ಹಿಡಿದು ಮೀನಿನ ಹಿಂದೆ ಹೋದರೆ ಅದು ಇನ್ನೊಂದು ಸಲ ಓಡುತ್ತದೆ.

ಬಂಗಾರದ ಬಣ್ಣದ, ಮೈತುಂಬ ಹುರುಪೆಯ ಗೆಂಡೆ. ಹತ್ತು ಪೌಂಡಿನ ಹತ್ತಿರ, ಅಂದರೆ ನಾಲ್ಕೂವರೆ ಕಿಲೋ. ಮೀನನ್ನು ಮಲಗಿಸುವ ದಪ್ಪ ಚಾಪೆಯನ್ನು ಮೊದಲೇ ನೀರು ಹಾಕಿ ನೆನೆಸಿಟ್ಟಿದ್ದೆವು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿದೆವು. ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಅದೇ ಅದರ ರಕ್ಷಣೆ. ಮಂಡಿ ಊರಿ, ನೆಲಕ್ಕೆ ಹತ್ತಿರವೇ ಎತ್ತಿ ಒಂದು ಫೋಟೋ. ಮೀನು ಹಿಡಿದು ಎದ್ದು ನಿಲ್ಲಬಾರದು, ಕೊಸರಿ ಬಿದ್ದರೆ ಅದಕ್ಕೆ ಪೆಟ್ಟು.

ಬಿಡುವ ಮೊದಲು ಅವಳು ಕೇಳಿದಳು. “ಅಪ್ಪ, ಅಜ್ಜಿ ಆದ್ರೆ ಸಾರು ಮಾಡ್ತಿದ್ರು ಅಲ್ವಾ?”

ಮಾಡ್ತಿದ್ದರು, ಅದೂ ಸರಿಯೇ ಅಂದೆ. ಊರ ಕೆರೆಗೆ ಮೀನುಮರಿ ಬಿಡುವುದೇ ತಿನ್ನುವುದಕ್ಕೆ. ಇಲ್ಲಿ ಕೆರೆಯ ನಿಯಮ ಬೇರೆ, ಹಿಡಿದದ್ದನ್ನು ಅಲ್ಲೇ ಬಿಡಬೇಕು. ಗೆಂಡೆ ಹತ್ತಾರು ವರ್ಷ ಬದುಕುತ್ತದೆ, ಇದೇ ಮೀನು ಅವಳು ದೊಡ್ಡವಳಾದ ಮೇಲೂ ಇಲ್ಲೇ ಇರಬಹುದು. 1952ರ ಸೆಪ್ಟೆಂಬರಿನಲ್ಲಿ ರಿಚರ್ಡ್ ವಾಕರ್ ಅನ್ನುವವರು ರೆಡ್ಮೈರ್ ಎಂಬ ಚಿಕ್ಕ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದರು. ಆಗಿನ ಬ್ರಿಟಿಷ್ ದಾಖಲೆ. ಅದನ್ನು ಕೊಲ್ಲದೆ ಲಂಡನ್ ಮೃಗಾಲಯದ ಅಕ್ವೇರಿಯಮ್ಮಿಗೆ ಕೊಟ್ಟರು, ಅಲ್ಲಿ ಅದು ವರ್ಷಗಟ್ಟಲೆ ಬದುಕಿತ್ತು. ಈ ಕಥೆ ಅವಳಿಗೆ ಬಹಳ ಇಷ್ಟವಾಯಿತು. ನಮ್ಮ ಮೀನನ್ನು ಬಲೆಯಲ್ಲೇ ನೀರಿಗೆ ಇಳಿಸಿ, ಅದು ಬಲ ತಂದುಕೊಂಡು ಬಾಲ ಬೀಸುವವರೆಗೆ ಹಿಡಿದಿದ್ದಳು. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಅವಸರದಿಂದ ಬಿಡಬಾರದು.

ಮಧ್ಯಾಹ್ನ ಚಪಾತಿ ತಿಂದು ಮರದ ಕೆಳಗೆ ಮಲಗಿದೆವು. ಬಿಸಿಲು ಇಳಿದ ಮೇಲೆ ನನಗೆ ಬಹಳ ಪ್ರೀತಿಯ ಕೆಲಸ. ಬೆಂಡಿಲ್ಲ, ಎಸೆತ ಇಲ್ಲ. ಕೊಕ್ಕೆಗೆ ಬ್ರೆಡ್ಡಿನ ಅಂಚಿನ ತುಂಡು ಸಿಕ್ಕಿಸಿ, ರಾಡಿನ ತುದಿಯನ್ನು ಜೊಂಡಿನ ಮೇಲಿಂದ ಚಾಚಿ, ಬ್ರೆಡ್ಡು ಮಾತ್ರ ನೀರಿಗೆ ತಾಗುವಂತೆ ಇಳಿಬಿಡುವುದು. ನೀರಿನ ಮೇಲೆ ಲೈನೇ ಇಲ್ಲ, ಮೀನಿಗೆ ಅನುಮಾನ ಬರಲು ಏನೂ ಇಲ್ಲ. ಸಂಜೆ ಗೆಂಡೆಗಳು ದಡದ ಅಂಚಿಗೇ ಬರುತ್ತವೆ. ಒಂದೇ ಷರತ್ತು, ಹೆಜ್ಜೆ ಸಪ್ಪಳ ಆಗಬಾರದು. ದಡ ಅದುರಿದರೆ ಮೀನಿಗೆ ಗೊತ್ತಾಗುತ್ತದೆ. ಮಗಳು ಹೊಟ್ಟೆ ಮೇಲೆ ಮಲಗಿ ಜೊಂಡಿನ ಸಂದಿನಿಂದ ನೋಡುತ್ತಿದ್ದಳು. ಅವಳ ಮುಖದಿಂದ ಮೂರಡಿ ದೂರದಲ್ಲಿ ಅಗಲವಾದ ಬಿಳಿ ಬಾಯಿ ತೆರೆದು ಬ್ರೆಡ್ಡಿನ ಒಂದು ಮೂಲೆ ಕಚ್ಚಿ, ಬಿಟ್ಟು, ಮತ್ತೆ ಬಂತು. ಅವಳು ರಾಡ್ ಎತ್ತಲಿಲ್ಲ. ಮೂರನೇ ಸಲ ಬ್ರೆಡ್ಡು ಪೂರ್ತಿ ಒಳಗೆ ಹೋಯಿತು, ಆಗ ಎತ್ತಿದಳು. ಈ ಸಲದ ಮೀನು ಚಿಕ್ಕದು, ಹುರುಪೆ ಅಲ್ಲೊಂದು ಇಲ್ಲೊಂದು ಇರುವ ಕನ್ನಡಿ ಗೆಂಡೆ. ನನ್ನ ಕೈ ಬೇಡ ಅಂದಳು. ನಾನು ಬಲೆ ಮಾತ್ರ ಹಿಡಿದೆ.

ಹೊರಡುವಾಗ ಲೈನಿನ ತುಂಡುಗಳನ್ನೆಲ್ಲ ಹುಡುಕಿ ಡಬ್ಬಿಗೆ ಹಾಕಿದೆವು, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ. ಬಲೆ ಮತ್ತು ಚಾಪೆಯನ್ನು ಮನೆಯಲ್ಲಿ ತೊಳೆದು ಹಿತ್ತಲಲ್ಲಿ ಒಣಹಾಕಿದೆವು. ಒಂದು ಕೆರೆಯ ಕಳೆ, ರೋಗ, ಹುಳ ಇನ್ನೊಂದಕ್ಕೆ ಹೋಗುವುದು ಒದ್ದೆ ಬಲೆಯಲ್ಲೇ. ಪೂರ್ತಿ ಒಣಗುವವರೆಗೆ ಬೇರೆ ನೀರಿಗೆ ಇಳಿಸುವುದಿಲ್ಲ. ಮಿಕ್ಕ ಬಿಸ್ಕತ್ತಿಗೆ ಮಗಳು ಒಂದು ಗಾಳಿಯಾಡದ ಡಬ್ಬಿ ಹುಡುಕಿ ಇಟ್ಟಿದ್ದಾಳೆ. ಮುಂದಿನ ಸಲ ಎಸೆತವನ್ನೂ ತಾನೇ ಮಾಡುತ್ತಾಳಂತೆ. ಅದಕ್ಕಾಗಿ ಹಿತ್ತಲ ಹುಲ್ಲಿನ ಮೇಲೆ ಬಕೆಟ್ ಇಟ್ಟು, ಕೊಕ್ಕೆ ಬಿಚ್ಚಿದ ಬೆಂಡು ಎಸೆದು ಗುರಿ ಹಿಡಿಯಲು ಶುರು ಮಾಡಿದ್ದಾಳೆ.